ನೇರ ಮನೆಗೆ ಹೋಗದವರು

ಮೇ 6, ಸೋಮವಾರ

ಮೊದಲ ದಿನ ಮುಗಿಯಿತು. ಯಾರೂ ಸಾಯಲಿಲ್ಲ, ಹೆಣದ ಪಾತ್ರ ಮಾಡಿದವನೂ ಸೇರಿ. ಈ ಸೆಕೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದವನು ಪಾತ್ರದಲ್ಲಿ ತೀರಾ ತಲ್ಲೀನನಾಗಿಬಿಟ್ಟರೆ ಗತಿಯೇನು ಎಂದು ನನಗೆ ಬೆಳಗಿನಿಂದ ದಿಗಿಲು. ಒಂದೊಂದು ಶಾಟ್ ಆದ ಮೇಲೂ ಹೋಗಿ ಮುಚ್ಚಳ ತಟ್ಟುತ್ತಿದ್ದೆ. ಕೊನೆಗೆ ಒಳಗಿನಿಂದ, "ನಾಂಗ್, ಬದುಕಿದೀನಿ. ನೀವು ಹಿಂಗೇ ಬಡೀತಿದ್ರೆ ಮಾತ್ರ ಹೇಳಕ್ಕಾಗಲ್ಲ," ಎಂದ. ಇಲ್ಲಿ ಎಲ್ಲರಿಗೂ ನಾನು ನಾಂಗ್. ಒಬ್ಬರೂ ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ.

ಪಾಠ ಹೇಳುವ ಕಾಲೇಜಿಗೆ ರಜ ಬಂದಾಗ ನಾನು ಮಾಡುವ ಕೆಲಸ ಸಿನಿಮಾದ ಕಂಟಿನ್ಯುಟಿ. ಅಂದರೆ, ಬೇರೆಯವರೆಲ್ಲ ಸಿನಿಮಾ ಮಾಡುತ್ತಿರುವಾಗ ನಾನು ಲೋಟ ಯಾವ ಕೈಯಲ್ಲಿತ್ತು, ಕೂದಲು ಕಿವಿಯ ಮುಂದಿತ್ತೋ ಹಿಂದಿತ್ತೋ ಎಂದು ನೋಡುತ್ತ ನಿಲ್ಲುವುದು. ಒಂದು ಶಾಟಿಗೂ ಇನ್ನೊಂದಕ್ಕೂ ನಡುವೆ ಪ್ರಪಂಚ ಅಲುಗದಂತೆ ಕಾಯುವುದು. ಸಂಭಾವನೆಗಿಂತ ಸಂಭವನೀಯ ಅನಾಹುತಗಳೇ ಹೆಚ್ಚು.

ಈ ಸಿನಿಮಾದ ಕಥೆಯನ್ನು ಬಸ್ ಚೀಟಿಯ ಹಿಂದೆ ಬರೆದು ಮುಗಿಸಬಹುದು. ಹಾರೋ ಚರ್ಚಿನಲ್ಲಿ ಒಂದು ಸಾವಿನ ಪೂಜೆ. ಹೊರಬರುವ ಇಬ್ಬರು ಅಪರಿಚಿತರು: ಒಬ್ಬ, ಸತ್ತವರ ಸೋದರಳಿಯ, ಮನಿಲಾದಿಂದ ಬಂದವನು. ಇನ್ನೊಬ್ಬಳು, ತಪ್ಪು ಚರ್ಚಿಗೆ ಬಂದು ಕೂತುಬಿಟ್ಟ ಹುಡುಗಿ. ನಮ್ಮಲ್ಲಿ ಹೆಣದ ಮುಂದೆ ಕೂತೆದ್ದವರು ನೇರ ಮನೆಗೆ ಹೋಗುವಂತಿಲ್ಲ. ನಡುವೆ ಎಲ್ಲಾದರೂ ಕಾಲಿಟ್ಟು ಹೋಗಬೇಕು, ಇಲ್ಲದಿದ್ದರೆ ಹೋದವರು ಹಿಂದೆಯೇ ಬಂದುಬಿಡುತ್ತಾರೆ. ಸರಿ, ಎಲ್ಲಾದರೂ ಹೋಗೋಣ ಎಂದು ಹೊರಟವರು ಸಂಜೆಯವರೆಗೆ ನಮ್ಮೂರು ಇಲೋಯ್ಲೋ ಪೂರಾ ಸುತ್ತಿ, ದೋಣಿಕಟ್ಟೆಯಲ್ಲಿ ಬೇರೆಯಾಗುತ್ತಾರೆ. ಸಾವು ಕೊಟ್ಟ ಅವಕಾಶ. ಅದಕ್ಕೇ ಎಲ್ಲವೂ ಸಾವಕಾಶ.

ಡಿರೆಕ್ ಪೊಚೊಲೊಗೆ ಒಂದು ಹಟ. (ಡೈರೆಕ್ಟರ್ ಎಂದು ಪೂರ್ತಿ ಕರೆಯುವಷ್ಟು ಪುರುಸೊತ್ತು ಈ ದೇಶದಲ್ಲಿ ಯಾರಿಗೂ ಇಲ್ಲ.) ಅಪರಿಚಿತರೆಂದರೆ ಅಪರಿಚಿತರೇ ಆಗಿರಬೇಕಂತೆ. ನಾಯಕಿ ರಿಜೆಲ್ ಇಲ್ಲೇ ಪಕ್ಕದ ಗಿಂಬಾಲ್ ಊರಿನ ನಾಟಕದ ಹುಡುಗಿ, ನಾಯಕ ಇಗ್ಗಿ ಮನಿಲಾದವನು. ಇಬ್ಬರೂ ಇವತ್ತಿನವರೆಗೆ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಬೆಳಗಿನಿಂದ ಅವಳನ್ನು ಪಾದ್ರಿಗಳ ಕೋಣೆಯಲ್ಲಿ, ಅವನನ್ನು ರಸ್ತೆಯಾಚೆಯ ಗಂಟೆಗೋಪುರದ ಹಿಂದೆ ಬಚ್ಚಿಟ್ಟು ಕಾಯ್ದವಳು ನಾನು. ಕದ್ದ ಮಾಲನ್ನು ಎರಡು ಕಡೆ ಇಟ್ಟ ಕಳ್ಳನ ಹಾಗೆ ಓಡಾಡಿದೆ. ಕೊನೆಗೆ ಕ್ಯಾಮೆರಾದ ಮುಂದೆಯೇ ಎದುರಾದರು.

"ನೀವೂ ನೆಂಟರಾ?" ಎಂದ.

"ಇಲ್ಲಪ್ಪ, ನನ್ನೋರು ಯಾರೂ ಸತ್ತಿಲ್ಲ. ಫ್ಯಾನ್ ಕೆಳಗೆ ಜಾಗ ಇತ್ತು, ಕೂತೆ."

ಒಂದೇ ಟೇಕು. ಅವಳಿಗೆ ಕಣ್ಣು ಎಲ್ಲಿಡಬೇಕೋ ತಿಳಿಯದು, ಅವನಿಗೆ ಕೈ. ಪೊಚೊಲೊ ಕಟ್ ಹೇಳುವುದನ್ನೇ ಮರೆತ. "ನಾಂಗ್, ಇದು ಇನ್ನೊಂದ್ಸಲ ಅಂದ್ರೆ ಆ ದೇವರಿಗೂ ಆಗಲ್ಲ," ಎಂದ.

ಎಲ್ಲ ಸರಿಯಾಗಿ ಆಯಿತು. ಅದೇ ಹೆದರಿಕೆ. ಮನೆಗೆ ಹೋಗುವ ಮುಂಚೆ ಲಾ ಪಾಸ್ ಮಾರುಕಟ್ಟೆಯಲ್ಲಿ ಇಳಿದು ಒಂದು ಬಟ್ಟಲು ಬಾಚೊಯ್ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಸಿವಿಲ್ಲ. ನೂಡಲ್ಸು ಸಾರನ್ನೆಲ್ಲ ಕುಡಿದು ದಪ್ಪಗಾಗುತ್ತಿದೆ.

ಮೇ 7, ಮಂಗಳವಾರ

ಇವತ್ತಿನ ದೃಶ್ಯ: ಬಾಚೊಯ್ ಅಂಗಡಿಯಲ್ಲಿ ಅವನು ಅವಳ ಮೇಲೆ ಸಾರು ಚೆಲ್ಲಬೇಕು, ಅವಳು ಪಕ್ಕದ ಅಂಗಡಿಯಲ್ಲಿ ಸಿಕ್ಕ ಟೀ ಶರ್ಟ್ ಹಾಕಿಕೊಳ್ಳಬೇಕು. ಸಿಕ್ಕಿದ್ದು ಕಳೆದ ಚುನಾವಣೆಯಲ್ಲಿ ಸೋತ ಯಾವನೋ ಅಭ್ಯರ್ಥಿಯ ಮುಖವಿರುವ ಶರ್ಟು. ಇನ್ನು ಸಿನಿಮಾ ಪೂರ್ತಿ ಅವಳು ಅದರಲ್ಲೇ. ಊರಿನವರ ಮನಸ್ಸಿನಲ್ಲಿ ಜಾಗ ಸಿಗದವನಿಗೆ ನಾಯಕಿಯ ಎದೆಯ ಮೇಲೆ ಸಿಕ್ಕಿತು.

ಇಗ್ಗಿ ಮೊದಲ ಟೇಕಿನಲ್ಲಿ ನಿಜವಾದ ಬಿಸಿ ಸಾರನ್ನೇ ಎರಚಿದ. ರಿಜೆಲ್ ಅವನನ್ನು ಸರಿಯಾಗಿ ಬೈದಳು. ಆದರೆ ನಮ್ಮ ಇಲೋಯ್ಲೋದವರು ಬೈದರೂ ಜೋಗುಳ ಹಾಡಿದಂತಿರುತ್ತದೆ, ಪ್ರತಿ ಮಾತಿನ ಬಾಲಕ್ಕೂ ಒಂದು ರಾಗ. ಸ್ವಲ್ಪ ಹೊತ್ತಿಗೆ ಇಗ್ಗಿ ನನ್ನ ಬಳಿ ಬಂದ.

"ನಾಂಗ್, ಅವಳಿಗೆ ನಾನಂದ್ರೆ ಇಷ್ಟ ಅನ್ಸತ್ತೆ."

"ಅವಳು ನಿನ್ನ ಕೈ ಮುರೀತೀನಿ ಅಂದಿದ್ದು ಕಣಪ್ಪ."

"ಹೌದಾ! ಎಷ್ಟು ಚೆನ್ನಾಗಿ ಅಂದ್ಲು."

ಏನೋ ಬಿಟ್ಟುಹೋಗಿದೆ ಅನ್ನಿಸುತ್ತಲೇ ಇದೆ. ನಿನ್ನೆಯ ಫೋಟೊಗಳನ್ನು ಮತ್ತೆ ಮತ್ತೆ ನೋಡಿದೆ. ಅವನ ಕಾಲರು ಸರಿ, ಅವಳ ಚೀಲ ಸರಿ. ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂತು ಹೋಗೋಣವೆಂದು ಬಂದೆ, ಇಲ್ಲಿ ಬೆಂಚು ತಣ್ಣಗಿದೆ. ದೇವರ ಹತ್ತಿರ ಮಾತಾಡುವಂಥದ್ದೇನೂ ಇಲ್ಲ.

ಮೇ 9, ಗುರುವಾರ

ಅಪರಿಚಿತತೆ ಸ್ಕ್ರಿಪ್ಟಿಗಿಂತ ಬೇಗ ಕರಗುತ್ತಿದೆ. ಅವಳು ಈಗಾಗಲೇ ಅವನ ತಟ್ಟೆಯಿಂದ ಕೇಳದೆ ತಿನ್ನುತ್ತಾಳೆ. ಅವನು ನಮ್ಮ ಭಾಷೆಯಲ್ಲಿ ನಾಲ್ಕು ಬೈಗುಳ ಕಲಿತು ನಾಲ್ಕನ್ನೂ ಮುದ್ದಿಗೆ ಬಳಸುತ್ತಾನೆ. ಪೊಚೊಲೊ ಹಿಗ್ಗಿ ಹೀರೇಕಾಯಿ. "ನೋಡಿ ನಾಂಗ್, ಕಥೆ ಕ್ರಮದಲ್ಲೇ ಶೂಟ್ ಮಾಡಿದ್ದಕ್ಕೆ ಫಲ." ಫಲದೊಳಗೆ ಹುಳ ಇದ್ದೀತು ಎಂದು ಹೇಳಬೇಕೆನಿಸಿತು.

ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮನ ಮಗಳ ಮನೆಗೆ ಹೋದೆ. ಅವಳು ಬಟ್ಟೆ ಒಗೆಯುತ್ತಿದ್ದಳು. "ಮತ್ತೆ ಬಂದ್ಯಾ?" ಎಂದಳು. ಬಟ್ಟೆ ಹಿಂಡಿಕೊಟ್ಟೆ.

ಮೇ 12, ಭಾನುವಾರ

ಆಗಿಹೋಯಿತು. ಆಗುತ್ತದೆ ಎಂದು ಗೊತ್ತಿತ್ತು. ಏನು ಎಂದು ಗೊತ್ತಿರಲಿಲ್ಲ, ಅಷ್ಟೆ.

ಇವತ್ತು ರಜ. ಪೊಚೊಲೊನ ತಾಯಿಯ ಮನೆಯಲ್ಲಿ ಊಟ. ಅವರು ನಿವೃತ್ತ ದಂತವೈದ್ಯೆ, ಊರಿಗೆಲ್ಲ ಡೊಕ್ತೋರಾ. ಎದುರಿನವರು ನಕ್ಕರೆ ಖುಷಿಗಿಂತ ಮೊದಲು ಹುಳುಕು ಕಾಣುವ ಕಣ್ಣು. ಊಟವಾದ ಮೇಲೆ ಪೊಚೊಲೊ ಹೆಮ್ಮೆಯಿಂದ ಮೊದಲ ದಿನದ ದೃಶ್ಯವನ್ನು ಟಿ.ವಿ.ಯಲ್ಲಿ ಹಾಕಿದ.

"ಹುಡುಗಿ ಲಕ್ಷಣವಾಗಿದಾಳೆ," ಎಂದರು ಡೊಕ್ತೋರಾ. "ಪಾಪ, ಅವಳಿಗೆ ಯಾರು ಹೋದ್ರು?"

"ಯಾರೂ ಇಲ್ಲಮ್ಮ. ಅವಳೇ ಹೇಳ್ತಿದಾಳಲ್ಲ, ಕೇಳಿಸ್ಕೊಳ್ಳಿ."

"ಬಾಯಿ ಏನೋ ಹೇಳತ್ತೆ. ಎದೆ ಮೇಲೆ ಕರೀ ಪಿನ್ ಇದೆಯಲ್ಲೋ ಪೊಚೊಲೊ."

ಇತ್ತು. ಸಣ್ಣದು, ಎಡಗಡೆ. ಮನೆಯವರು ಸತ್ತಾಗ ವರ್ಷ ತುಂಬುವವರೆಗೆ ಹಾಕಿಕೊಳ್ಳುವ ಕಪ್ಪು ಪಿನ್ನು. ಹುಡುಗಿ "ನನ್ನೋರು ಯಾರೂ ಸತ್ತಿಲ್ಲ" ಎನ್ನುತ್ತಾಳೆ, ಅವಳ ಎದೆ ಸುಳ್ಳು ಎನ್ನುತ್ತದೆ. ಶೋಕಿಗೆ ಹಾಕಿದ್ದು ಎಂದು ತೇಲಿಸೋಣವೆಂದರೆ ಆ ಪಿನ್ನು ಶೋಕಕ್ಕೇ ಇರುವುದು. ಈ ದ್ವೀಪದ ಯಾವ ಚಿತ್ರಮಂದಿರದಲ್ಲಿ ಹಾಕಿದರೂ ಆ ಮಾತಿಗೆ ಎಲ್ಲರೂ ಒಟ್ಟಿಗೆ ಗೊಳ್ಳೆನ್ನುತ್ತಾರೆ. ಮೊದಲ ದೃಶ್ಯದಲ್ಲೇ ನಕ್ಕವರು ಆಮೇಲೆ ಏನನ್ನೂ ನಂಬುವುದಿಲ್ಲ.

ರಿಜೆಲ್‌ಳ ಅಜ್ಜಿ ಜನವರಿಯಲ್ಲಿ ತೀರಿಕೊಂಡಿದ್ದರು. ಅವತ್ತು ಅವಳು ಹಾಕಿದ್ದು ತನ್ನದೇ ಬ್ಲೌಸು. ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ? ಎಲ್ಲರೂ ಅದನ್ನೇ ಕೇಳಬೇಕೆಂದಿದ್ದರು. ಡೊಕ್ತೋರಾ ನನ್ನತ್ತ ತಿರುಗಿ ಬಾಯಿ ತೆರೆದವರು ನನ್ನ ಬ್ಲೌಸು ನೋಡಿ, ಬಾಯಿ ಮುಚ್ಚಿ, ನನ್ನ ತಟ್ಟೆಗೆ ಇನ್ನೊಂದು ಸೌಟು ಹಲಸಿನ ಸಾರು ಬಡಿಸಿದರು. ಸೆಪ್ಟೆಂಬರಿನಲ್ಲಿ ನನ್ನ ಗಂಡ ನೆಸ್ತೊರ್ ಹೋದಾಗಿನಿಂದ ನಾನೂ ಅಂಥದೊಂದು ಪಿನ್ನು ಹಾಕುತ್ತೇನೆ. ನನ್ನ ಮೂಗು ನನ್ನ ಕಣ್ಣಿಗೆ ಬೀಳದ ಹಾಗೆಯೇ ಅದೂ ಬೀಳುವುದಿಲ್ಲ.

"ಅಳಿಸೋಕಾಗಲ್ವಾ?" ಎಂದು ಎಡಿಟರನ್ನು ಫೋನಿನಲ್ಲಿ ಕೇಳಿದೆವು. "ಕ್ಯಾಮೆರಾ ಅಲ್ಲಾಡ್ತಾನೇ ಇದೆ, ಅವಳ ಕೂದ್ಲು ಪಿನ್ ಮೇಲೇ ಹಾರತ್ತೆ. ಅಳಿಸಿದ್ರೆ ಎದೆ ಮೇಲೆ ಹಲ್ಲಿ ಓಡಿದ ಹಾಗೆ ಕಾಣತ್ತೆ," ಎಂದ.

ಮತ್ತೆ ತೆಗೆಯಬೇಕು. ಇಬ್ಬರನ್ನೂ ಮತ್ತೆ ಅಪರಿಚಿತರನ್ನಾಗಿ ಮಾಡಬೇಕು.

ಮೇ 13, ಸೋಮವಾರ

ನಿದ್ದೆ ಇಲ್ಲ. ಉಗುರೂ ಇಲ್ಲ.

ಮೇ 14, ಮಂಗಳವಾರ

ರಿಜೆಲ್ ಹತ್ತಿರ ಮಾತಾಡಿದೆ.

"ತೆಗೆಯಕ್ಕಾಗಲ್ಲ ನಾಂಗ್. ಲೋಲಾದು ವರ್ಷ ಆಗಿಲ್ಲ." ಅಜ್ಜಿಯನ್ನು ಅವಳು ಲೋಲಾ ಎನ್ನುವಾಗ ಏಳು ವರ್ಷದವಳಾಗುತ್ತಾಳೆ.

"ತೆಗೀಬೇಡ. ಸ್ಕರ್ಟಿನ ಒಳಗಡೆ ಚುಚ್ಕೋ. ಇದ್ದ ಹಾಗೂ ಇರತ್ತೆ, ಕಾಣೋದೂ ಇಲ್ಲ."

"ಲೋಲಾಗೆ ಗೊತ್ತಾಗಲ್ವಾ?"

"ಅವರಿಗೆ ಕಣ್ಣು ಚೆನ್ನಾಗಿ ಕಾಣ್ತಿತ್ತಾ?"

"ಇಲ್ಲ, ಪೊರೆ ಬಂದಿತ್ತು."

"ಮತ್ತೆ?"

ನಕ್ಕಳು. ಆಮೇಲೆ ಅತ್ತಳು. ಅವಳನ್ನು ಸಮಾಧಾನ ಮಾಡುವ ಬದಲು ನಾನು ಯಾವ ಕಣ್ಣಿನ ಕಾಡಿಗೆ ಮೊದಲು ಹರಡಿತು ಎಂದು ನೋಡುತ್ತಿದ್ದೆ. ಏನು ಹೆಂಗಸೋ ನಾನು.

ಮೇ 16, ಗುರುವಾರ

ಆಗಲಿಲ್ಲ.

ಮತ್ತೆ ಹಾರೋ, ಮತ್ತೆ ಅದೇ ಬೆಳಕು, ಅದೇ ಬ್ಲೌಸು. ಎರಡು ದಿನ ಇಬ್ಬರೂ ಮಾತಾಡಬಾರದು ಎಂದು ಪೊಚೊಲೊ ಕಟ್ಟಪ್ಪಣೆ ಮಾಡಿದ್ದ. ಮಾತಾಡದೆ ಇದ್ದು ಇಬ್ಬರೂ ಇನ್ನಷ್ಟು ಹತ್ತಿರವಾಗಿಬಿಟ್ಟಿದ್ದರು.

ಮೊದಲ ಟೇಕು: "ನನ್ನೋರು ಯಾರೂ ಸತ್ತಿಲ್ಲ" ಎನ್ನುತ್ತಿದ್ದಂತೆ ಅವಳ ಕೈ ತಾನಾಗಿ ಎದೆಯ ಮೇಲಿನ ಖಾಲಿ ಜಾಗಕ್ಕೆ ಹೋಯಿತು. ಮುಂದಿನದರಲ್ಲಿ ಕೈಯನ್ನು ಚೀಲಕ್ಕೆ ಅಂಟಿಸಿಕೊಂಡು ನಿಂತಳು; ಕದ್ದು ಸಿಕ್ಕಿಬಿದ್ದವಳಂತೆ ಕಂಡಳು. ಮೂರನೆಯದರಲ್ಲಿ ಎಲ್ಲ ಚೆನ್ನಾಗಿ ಹೋಗುತ್ತಿತ್ತು. ಅಷ್ಟರಲ್ಲಿ ಜೀವಮಾನದಲ್ಲಿ ಮೊದಲ ಸಲ ಕಂಡ ಗಂಡಸಿನ ಹೆಗಲ ಮೇಲಿದ್ದ ದಾರದ ಎಳೆಯನ್ನು ಅವಳು ಕಿತ್ತು, ನೋಡಿ, ಊದಿ ಹಾರಿಸಿದಳು.

"ಕಟ್! ಏ ಹುಡುಗಿ, ಇಂದಾಯ್, ನೀನವನ್ನ ಇದುವರೆಗೆ ನೋಡೇ ಇಲ್ಲ!"

"ನೋಡಿಲ್ಲ ಡಿರೆಕ್, ದಾರ ನೋಡ್ದೆ."

"ನೀವಿಬ್ಬರೂ ಅಪರಿಚಿತರು!"

"ಹೌದು ಡಿರೆಕ್," ಎಂದರು ಇಬ್ಬರೂ ಒಟ್ಟಿಗೆ, ಬಾಲದಲ್ಲಿ ಒಂದೇ ರಾಗ. ಮನಿಲಾದವನಿಗೆ ನಮ್ಮ ರಾಗವೂ ಹತ್ತಿಬಿಟ್ಟಿದೆ.

ನನ್ನ ಕೆಲಸ ನಿರಂತರತೆ, ಬೇಕಾಗಿರುವುದು ಅಂತರ. ಅದನ್ನು ಹೊಲಿಯುವ ದಾರ ನನ್ನ ಹತ್ತಿರ ಇಲ್ಲ. ಪೊಚೊಲೊ ಚರ್ಚಿನ ಮೆಟ್ಟಿಲ ಮೇಲೆ ಮುಖ ಮುಚ್ಚಿ ಕೂತ. ಪಕ್ಕದಲ್ಲಿ ಕೂತೆ. "ಮೊದಲ ದೃಶ್ಯ ಇಲ್ಲದೆ ಸಿನಿಮಾನೇ ಇಲ್ಲ ನಾಂಗ್," ಎಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ರಾಗವನ್ನಾದರೂ ಕೇಳಬಹುದಿತ್ತು.

ಅಲ್ಲಿಂದ ಎದ್ದು ಎಲ್ಲೆಲ್ಲಿ ಹೋದೆನೋ. ಮಾರುಕಟ್ಟೆ, ನದಿ ದಂಡೆ, ಆಮೇಲೆ ಬಸ್ ನಿಲ್ದಾಣದ ಕಾಫಿ ಅಂಗಡಿ. ಅಂಗಡಿ ಮುಚ್ಚುವವಳು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುತ್ತಿದ್ದಾಳೆ. ನಾನು ಕೂತದ್ದನ್ನು ಮಾತ್ರ ಬಿಟ್ಟು.

ಮೇ 17, ಶುಕ್ರವಾರ

ಪೊಚೊಲೊ ನದಿ ದಂಡೆಗೆ ಕರೆಸಿಕೊಂಡ. ಅವನೂ ಮಲಗಿದಂತಿರಲಿಲ್ಲ.

"ಪಿನ್ ಇರ್ಲಿ," ಎಂದ. "ಹಳೇ ಟೇಕೇ ಇಟ್ಕೊಳ್ಳೋಣ. ಹುಡುಗಿ ಸುಳ್ಳು ಹೇಳಿದ್ಲು ಅಂತ ಇಟ್ಕೊಳ್ಳಿ. ಯಾಕೆ ಹೇಳಿದ್ಲು? ಯಾರೋ ಗೊತ್ತಿಲ್ಲದವರ ಸಾವಿಗೆ ಯಾಕೆ ಬಂದು ಕೂತ್ಲು? ಅದೊಂದು ಮಾತು ಸಿಕ್ಕಿದ್ರೆ ಕೊನೇ ದೃಶ್ಯದಲ್ಲಿ ಹೇಳಿಸ್ತೀನಿ. ನೀವು ಬರ್ಕೊಡಿ."

"ನಾನ್ಯಾಕೆ? ನಾನು ಲೋಟ ನೋಡೋಳು."

"ಕಾಲೇಜಲ್ಲಿ ನನ್ನ ಪ್ರಬಂಧದ ಮೇಲೆ 'ಎಲ್ಲ ಇದೆ, ಜೀವ ಇಲ್ಲ' ಅಂತ ಕೆಂಪಲ್ಲಿ ಗೀಚಿದ್ದು ಯಾರು? ಈಗ ನೀವೇ ಜೀವ ಹಾಕಿ."

ವಿದ್ಯಾರ್ಥಿಗಳಿಗೆ ನೆನಪಿನ ಶಕ್ತಿ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಯಾರು ಹೇಳುತ್ತಾರೋ.

ಕೂತ ಕೂಡಲೇ ಬಂತು. ಅದೇ ಅನುಮಾನ, ಇಷ್ಟು ಸಲೀಸಾಗಿ ಬಂದದ್ದು ಎಲ್ಲೋ ಓದಿದ್ದಿರಬೇಕು. ರಿಜೆಲ್‌ಳ ಅಜ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು:

"ನಾನು ಹೇಳಿದ್ದು ಸುಳ್ಳು. ನಮ್ಮ ಲೋಲಾ ಹೋದ್ರು. ಮಣ್ಣು ಮಾಡಿ ಎಲ್ಲರೂ ಅಲ್ಲಿ ಇಲ್ಲಿ ನಿಂತು, ಕಾಫಿ ಕುಡಿದು ಮನೆಗೆ ಹೋದ್ರು. ನಾನು ಮಾತ್ರ ಎಲ್ಲೂ ನಿಲ್ಲದೆ ನೇರ ಮನೆಗೆ ಹೋದೆ. ಬೇಕಂತಲೇ. ಹಿಂದೆ ಬರಲಿ ಅಂತ. ಬಾಗಿಲು ತೆಗೆದಿಟ್ಟು ಕೂತಿದ್ದೆ. ಬರಲಿಲ್ಲ. ಅವತ್ತಿಂದ ಆ ಮನೆ ಕಡೆ ಕಾಲೇ ಏಳಲ್ಲ. ಯಾರ ಸಾವಾದ್ರೂ ಸರಿ, ಹೋಗಿ ಕೂರ್ತೀನಿ. ಆಮೇಲೆ ಊರು ಸುತ್ತೋದಕ್ಕೆ ಒಂದು ನೆಪ ಸಿಗತ್ತಲ್ಲ."

ಉದ್ದವಾಯಿತು. "ಬಾಗಿಲು ತೆಗೆದಿಟ್ಟು" ಎನ್ನುವುದನ್ನು ಹೊಡೆದುಹಾಕಲೇ? ಸಂಜೆ ಹೊತ್ತು ಬಾಗಿಲು ತೆಗೆದಿಟ್ಟರೆ ಸೊಳ್ಳೆ ನುಗ್ಗುತ್ತವೆ, ಯಾರೂ ನಂಬುವುದಿಲ್ಲ. ನುಗ್ಗಿದ್ದವು ಕೂಡ. ಇರಲಿ, ಬಿಟ್ಟಿದ್ದೇನೆ.

ಮೇ 18, ಶನಿವಾರ

ದೋಣಿಕಟ್ಟೆ. ಎದುರು ಗಿಮಾರಾಸ್ ದ್ವೀಪ, ಕೈಚಾಚಿದರೆ ಸಿಗುವಂತೆ. ದೋಣಿಯವರು ಶೂಟಿಂಗ್ ಎಂದರೂ ಕೇಳದೆ ಪ್ರಯಾಣಿಕರನ್ನು ಕೂಗುತ್ತಿದ್ದರು. ಸೌಂಡಿನವನು ಕಿವಿ ಹಿಡಿದುಕೊಂಡು ಕೂತಿದ್ದ. ಮಾತು ನಾಟಕೀಯವಾದರೆ? ರಿಜೆಲ್ ಮರೆತರೆ? ಈ ಒಂದು ಮಾತು ಕೂರದಿದ್ದರೆ ಮೊದಲ ದೃಶ್ಯವೂ ಹೋಯಿತು, ಅದರ ಹಿಂದೆ ಇಡೀ ಸಿನಿಮಾ ಹೋಯಿತು, ತಪ್ಪು ನನ್ನ ಲೆಕ್ಕಕ್ಕೆ.

ಅವಳು ಮರೆಯಲಿಲ್ಲ. ಕಾಫಿ ಲೋಟ ಹಿಡಿದುಕೊಂಡು, ನೀರು ನೋಡುತ್ತ, ತರಕಾರಿ ಬೆಲೆ ಹೇಳುವಂತೆ ಹೇಳಿದಳು. ಎದೆಯ ಮೇಲೆ ಆ ಸೋತ ಅಭ್ಯರ್ಥಿ ನಗುತ್ತಲೇ ಇದ್ದ. ಇಗ್ಗಿ ಸುಮ್ಮನೆ ಅವಳ ಕೈ ಹಿಡಿಯಬೇಕು, ಸ್ಕ್ರಿಪ್ಟಿನಲ್ಲಿ ಅಷ್ಟೇ ಇದ್ದದ್ದು. ಅವನು ಹಿಡಿಯಲಿಲ್ಲ. ತಲೆ ಕೆರೆದುಕೊಂಡ.

"ಬಂದಿರ್ಬಹುದು ಕಣ್ರೀ," ಎಂದ. "ನೀವೇ ಮನೇಲಿ ಇರಲ್ವಲ್ಲ."

ಯಾರೋ ಕಿಸಕ್ಕೆಂದರು.

"ಕಟ್," ಎಂದ ಪೊಚೊಲೊ, ಬಹಳ ಮೆಲ್ಲಗೆ. "ನಾಂಗ್, ಲೋಟ ಯಾವ ಕೈಲಿತ್ತು?"

"ನೋಡ್ಲಿಲ್ಲ."

"ಏನಂದ್ರಿ?"

"ನೋಡ್ಲಿಲ್ಲಪ್ಪ. ಗಾಳಿ, ಕಣ್ಣಿಗೆ ಉಪ್ಪು ನೀರು ಬಿತ್ತು."

ಅವನು ನನ್ನನ್ನೇ ನೋಡಿದ. ಆಮೇಲೆ ಎಲ್ಲರನ್ನೂ ಸುತ್ತ ಕರೆದ. ಇಂಥ ಮಾತಾದ ಮೇಲೆ ಇವರಿಬ್ಬರೂ ಇಲ್ಲೇ ಟಾಟಾ ಮಾಡಿ ಹೋದರೆ ಜನ ಕುರ್ಚಿ ಮುರಿಯುತ್ತಾರೆ. ಹುಡುಗಿ ಮನೆಗೆ ಹೋಗಲೇಬೇಕು, ನಾವು ಅದನ್ನು ನೋಡಲೇಬೇಕು. ಸೋಮವಾರ ಒಂದು ದಿನ ಉಳಿದಿದೆ. ಮನೆ ಎಲ್ಲಿ? ಅವನ ತಾಯಿಯ ಮನೆ ಅರಮನೆಯಂತಿದೆ, ಹಜಾರದಲ್ಲಿ ಹಲ್ಲಿನ ಸೆಟ್ಟು ಬೇರೆ. ಸೌಂಡಿನವನ ಮನೆ ಪಕ್ಕ ಕೋಳಿ ಅಂಕದ ಹುಂಜಗಳು.

"ನಮ್ಮನೆ ಇದೆ," ಎಂದಿತು ಒಂದು ದನಿ. ನನ್ನದೇ. "ಹತ್ತಿರ ಇದೆ. ಪಶ್ಚಿಮಕ್ಕೆ ಕಿಟಕಿ ಇದೆ. ಶೌಚಾಲಯಾನೂ ಚೆನ್ನಾಗಿದೆ." ಶೌಚಾಲಯದ ಮಾತು ಯಾಕೆ ಬಂತೋ.

ಮನೆ ಪೂರಾ ಧೂಳು. ನಾಳೆ ಗುಡಿಸಿ ಒರೆಸಬೇಕು, ಪೊರಕೆಯ ಕಡ್ಡಿಗಳೆಲ್ಲ ಉದುರಿವೆ. ಅದಕ್ಕೇ ಇವತ್ತು ಎಲ್ಲೂ ಇಳಿಯದೆ ಬಂದೆ.

ಮೇ 20, ಸೋಮವಾರ

ಬೆಳಿಗ್ಗೆಯೇ ಬಂದರು. ವೈರು, ಲೈಟು, ಟ್ರಂಕು, ಬನ್ನು. ನಮ್ಮ ಬೀದಿಯ ಮಕ್ಕಳೆಲ್ಲ ಗೇಟಿಗೆ ಜೋತುಬಿದ್ದರು. ಯಾರ್ಯಾರೋ ಎಲ್ಲೆಲ್ಲೋ ಕಾಲಿಡುತ್ತಿದ್ದರು. "ಅದನ್ನ ಮುಟ್ಟಬೇಡಿ, ಇದನ್ನ ಮುಟ್ಟಬೇಡಿ," ಎಂದು ಹಿಂದೆ ಹಿಂದೆಯೇ ಓಡಿದೆ. ಬಾಗಿಲ ಹತ್ತಿರ ನೆಸ್ತೊರ್‌ನ ಚಪ್ಪಲಿ, ರೇಡಿಯೊ ಮೇಲೆ ಅವನ ಕನ್ನಡಕ, ಗೋಡೆಯಲ್ಲಿ ಕ್ಯಾಲೆಂಡರು. ಕ್ಯಾಲೆಂಡರು ಇನ್ನೂ ಸೆಪ್ಟೆಂಬರಿನದು ಎಂದು ಇಗ್ಗಿ ಹೇಳಿದ ಮೇಲೇ ನನಗೆ ಗೊತ್ತಾಯಿತು. ರಿಜೆಲ್ ಅವನ ಕಾಲು ತುಳಿದಳು.

ಲೈಟಿನ ನೋಂಗ್ ಕಾರ್ಡಿಂಗ್ (ನೋಂಗ್ ಎಂದರೆ ಅಣ್ಣ) ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿದರು. ಬೆತ್ತದ ಕುರ್ಚಿ ಬಾಗಿಲಿಗೆ ಎದುರಾಗಿ, ದಾರಿಗೆ ಅಡ್ಡಲಾಗಿ ಇತ್ತು. ಬಾಗಿಲು ತೆಗೆದರೆ ಬರುವವರು ನೇರ ಕಾಣಲಿ ಎಂದು ಯಾವತ್ತೋ ಹಾಗೆ ಎಳೆದಿಟ್ಟದ್ದು, ಅಲ್ಲೇ ಉಳಿದಿತ್ತು. ನಾನು ಕೂಡ ಅದನ್ನು ಸುತ್ತಿಕೊಂಡೇ ಓಡಾಡುತ್ತಿದ್ದೆ.

"ಇಂದಾಯ್," ಎಂದರು. ಈ ವಯಸ್ಸಿನಲ್ಲಿ ನನ್ನನ್ನು ಹುಡುಗಿ ಎಂದು ಕರೆಯುವವರು ಅವರೊಬ್ಬರೇ. "ಈ ಕುರ್ಚಿ ಕ್ಯಾಮೆರಾಗೆ ಅಡ್ಡ ಬರತ್ತೆ. ಸರಿಸ್ಲಾ?"

ಎಲ್ಲರೂ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ಸೆಟ್ಟಿನಲ್ಲಿ ಒಂದು ಚಮಚ ಅಲುಗಿದರೂ ನಾನು ಕಿರುಚುತ್ತೇನೆಂದು ಅವರಿಗೆಲ್ಲ ಗೊತ್ತು.

"ಸರ್ಸಿ ನೋಂಗ್," ಎಂದೆ. "ಅಡ್ಡ ಬಂದ್ರೆ ಇನ್ನೇನು ಮಾಡೋದು."

ಅವರೊಬ್ಬರೇ ಎತ್ತಲಾರದೆ ನಾನೂ ಒಂದು ಕಡೆ ಹಿಡಿದೆ. ಕಿಟಕಿಯ ಹತ್ತಿರ ಇಟ್ಟೆವು.

ಸಂಜೆ ಬೆಳಕಿಗೆ ಕಾದು ತೆಗೆದರು. ಗೇಟಿನಲ್ಲಿ ಇಗ್ಗಿ ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ. ರಿಜೆಲ್ ಬಾಗಿಲು ತೆಗೆದು ಬಂದು, ದೀಪ ಹಾಕಿ, ಹಿಂದಿರುಗಿ ಹೋಗಿ ಬಾಗಿಲು ಮುಚ್ಚುತ್ತಾಳೆ. ಪ್ರತಿ ಟೇಕಿಗೂ ನಾನೇ ಒಳಗೆ ಹೋಗಿ ದೀಪ ಆರಿಸಿ, ಹೊರಗೆ ಬಂದು, ಬೀಗ ಹಾಕಿ ಕೊಡಬೇಕು. ಮತ್ತೆ, ಮತ್ತೆ. ಮೊದಲ ಸಲ ಕೀಲಿ ಕೈಯಿಂದ ಜಾರಿ ಬಿತ್ತು. ಆಮೇಲಾಮೇಲೆ ಕೈಗೆ ರೂಢಿಯಾಯಿತು.

ಪೊಚೊಲೊ ಅಲ್ಲೇ ಲ್ಯಾಪ್‌ಟಾಪಿನಲ್ಲಿ ಮೊದಲ ದೃಶ್ಯ, ದೋಣಿಕಟ್ಟೆ, ಇವತ್ತಿನದು ಮೂರನ್ನೂ ಜೋಡಿಸಿ, ಶೂಟಿಂಗ್ ನೋಡಲು ಬಂದಿದ್ದ ಡೊಕ್ತೋರಾಗೆ ತೋರಿಸಿದ. ಚರ್ಚಿನ ಮುಂದೆ ಹುಡುಗಿ "ನನ್ನೋರು ಯಾರೂ ಸತ್ತಿಲ್ಲ" ಎಂದಾಗ ಅವರು ನಗಲಿಲ್ಲ. "ಅಯ್ಯೋ, ಈ ಮಗೂಗೆ ಏನಾಯ್ತೋ," ಎಂದು ಕುರ್ಚಿಯ ತುದಿಗೆ ಬಂದರು. ಕೊನೆಯ ಬಾಗಿಲು ಮುಚ್ಚಿದಾಗ ಮೂಗು ಒರೆಸಿಕೊಂಡರು. "ಚೆನ್ನಾಗಿದೆ. ಆದ್ರೆ ಆ ಹುಡುಗನ ಕೋರೆಹಲ್ಲು ಸರಿಯಿಲ್ಲ, ನಾಳೆ ಕಳ್ಸು." ಎಲ್ಲರೂ ಹೋ ಎಂದು ಕೂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಹೋಗಿ ಬನ್ನುಗಳ ತಟ್ಟೆ ತೊಳೆದೆ.

ಈಗಷ್ಟೇ ಹೋದರು. ಎಲ್ಲವನ್ನೂ ಇದ್ದ ಜಾಗಕ್ಕೆ ಇಡೋಣವೆಂದು ಫೋನು ತೆಗೆದು ನೋಡಿದರೆ, ಮೊದಲು ಹೇಗಿತ್ತೆಂದು ನಾನು ಒಂದೇ ಒಂದು ಫೋಟೊ ತೆಗೆದಿಲ್ಲ! ಇಂಥ ತಪ್ಪು ನಾನು ಕನಸಿನಲ್ಲೂ ಮಾಡಿದವಳಲ್ಲ. ಕುರ್ಚಿಯ ಕಾಲಿನ ಗುರುತು ನೆಲದ ಮೇಲೆ ಇರಬೇಕು, ನಿನ್ನೆ ಒರೆಸಿಬಿಟ್ಟಿದ್ದೇನೆ. ಇರಲಿ, ಈಗ ಯಾರು ಎಳೆದಾಡುತ್ತಾರೆ. ಅದರಲ್ಲೇ ಕೂತು ಬರೆಯುತ್ತಿದ್ದೇನೆ. ಕಿಟಕಿಯ ಹತ್ತಿರ ಗಾಳಿ ಚೆನ್ನಾಗಿದೆ. ಅನ್ನಕ್ಕೆ ಇಟ್ಟಿದ್ದೆ, ಕುದಿಯುತ್ತಿದೆ.